ಅಪ್ಪ ಕಟ್ಟಿದ ಗೆಜ್ಜೆ

ನೌಪಾಡಾ, ಠಾಣೆ
14 ಜನವರಿ 2025

ಕೀರ್ತನನಿಗೆ ಅಪ್ಪನ ಆಶೀರ್ವಾದ.

ನನ್ನ ನಂಬರಿನಿಂದ ನಿನ್ನ ಫೋನಿಗೆ ಕರೆ ಹೋಗುವುದಿಲ್ಲ. ನೀನು ಬ್ಲಾಕ್ ಮಾಡಿದ್ದೀ ಎಂದು ನಮ್ಮ ಹೋಟೆಲಿನ ಕೌಂಟರಿನ ಸುಜನ್ ಹೇಳಿದ. ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ನೆರೂಳಿನ ವಿಳಾಸವನ್ನು ನಿನ್ನ ಅಮ್ಮನಲ್ಲಿ ಕೇಳಿದೆ. ಪುಸ್ತಕ ನೋಡದೆ ಪಿನ್‌ಕೋಡ್ ಸಹಿತ ಹೇಳಿದಳು.

ದಿಲ್ಲಿಯ ಉತ್ಸವದಲ್ಲಿ ನೀನು ಕುಣಿದ ಫೋಟೊ ಮರಾಠಿ ಪೇಪರಿನಲ್ಲಿ ಬಂತು. ಬೆಳಿಗ್ಗೆ ಚಹಾಕ್ಕೆ ಬರುವ ಗಿರಾಕಿಯೊಬ್ಬರು ಅದನ್ನು ತಂದು ಗಲ್ಲೆಯ ಮೇಲೆ ಇಟ್ಟು, "ಶೇಟ್, ಹಾ ತುಮಚಾ ಮುಲಗಾ ನಾ?" ಎಂದು ಕೇಳಿದರು. ಹೌದು, ನನ್ನ ಮಗನೇ ಎಂದೆ. ಆ ದಿನ ಅವರಿಂದ ಚಹಾದ ಹಣ ತೆಗೆದುಕೊಳ್ಳಲಿಲ್ಲ.

ವಿಷಯ ಇಷ್ಟೇ. ನಮ್ಮ ಕನ್ನಡ ಸಂಘಕ್ಕೆ ಈ ವರ್ಷ ಐವತ್ತು ತುಂಬುತ್ತದೆ. ನಾನೇ ಅಧ್ಯಕ್ಷ. ಏಪ್ರಿಲ್ ಕೊನೆಯ ಭಾನುವಾರ ಠಾಣೆಯ ದೊಡ್ಡ ರಂಗಮಂದಿರವನ್ನು ಹಿಡಿದಿದ್ದೇವೆ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಊಟ, ಸಂಜೆ ನಿನ್ನ ಕಥಕ್ ಎಂದು ಕಮಿಟಿಯಲ್ಲಿ ತೀರ್ಮಾನವಾಗಿದೆ. ಅಧ್ಯಕ್ಷರ ಮಗನೇ ಇಷ್ಟು ದೊಡ್ಡ ಕಲಾವಿದನಿರುವಾಗ ಹೊರಗಿನವರನ್ನು ಯಾಕೆ ಕರೆಯಬೇಕು ಎಂದು ಎಲ್ಲರೂ ಹೇಳಿದರು.

ಹಳೆಯದು ಏನೇನೋ ಇರಬಹುದು. ಅಪ್ಪ ಮಗ ಎಂದ ಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ. ಬೇಗ ಉತ್ತರ ಬರೆ. ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡಬೇಕು.

ಇಂತು,
ಪೂವಪ್ಪ


ನೆರೂಳ್, ನವಿ ಮುಂಬಯಿ
2 ಫೆಬ್ರುವರಿ 2025

ಅಪ್ಪ,

'ಒಂದು ಮಾತು ಬರುತ್ತದೆ, ಹೋಗುತ್ತದೆ' ಎಂದು ಬರೆದಿದ್ದೀರಿ. ನಮ್ಮ ನಡುವೆ ಬಂದದ್ದು ಮಾತಲ್ಲ. ನಿಮಗೆ ಮರೆತಿದ್ದರೆ ನಾನು ಬರೆಯುತ್ತೇನೆ, ಕೂತು ಓದಿ.

ನಾನಾಗ ಹನ್ನೊಂದನೆಯ ತರಗತಿಯಲ್ಲಿದ್ದೆ. ಭಾನುವಾರ ಬೆಳಿಗ್ಗೆ ಟ್ಯೂಷನ್ ಎಂದು ಹೇಳಿ ಡೊಂಬಿವಲಿಗೆ, ಶುಭದಾತಾಯಿಯ ಕಥಕ್ ಕ್ಲಾಸಿಗೆ ಹೋಗುತ್ತಿದ್ದೆ. ಅಲ್ಲಿ ಹುಡುಗನೆಂದರೆ ನಾನೊಬ್ಬನೇ. ಯಾರೋ ನಿಮ್ಮ ಕಿವಿಗೆ ಹಾಕಿದರು. ನೀವು ಚಪ್ಪಲಿ ಹಾಕಿಕೊಂಡೇ ಕ್ಲಾಸಿನ ಒಳಗೆ ಬಂದಿರಿ. ಶುಭದಾತಾಯಿ ಹಾರ್ಮೋನಿಯಂ ಬದಿಗಿಟ್ಟು ಎದ್ದು, "ಬಸಾ ನಾ" ಎಂದು ಕುರ್ಚಿ ಎಳೆದರು. ನೀವು ಅವರ ಮುಖ ನೋಡಲಿಲ್ಲ. ಅಷ್ಟು ಹುಡುಗಿಯರ ಎದುರು ನನ್ನ ಕುತ್ತಿಗೆ ಹಿಡಿದು ಮೆಟ್ಟಿಲು ಇಳಿಸಿದಿರಿ. ಲೋಕಲ್ ರೈಲಿನಲ್ಲಿ ಠಾಣೆ ಬರುವವರೆಗೆ ನನ್ನ ಗೆಜ್ಜೆ ನಿಮ್ಮ ತರಕಾರಿ ಚೀಲದಲ್ಲಿತ್ತು.

ಹೊಡೆಯುತ್ತೀರಿ ಎಂದುಕೊಂಡಿದ್ದೆ. ಹೊಡೆದಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೋ ಏನೋ. ನೀವು ನನ್ನನ್ನು ಹೋಟೆಲಿನ ಅಡುಗೆಮನೆಗೆ ಕರೆದುಕೊಂಡು ಹೋಗಿ ಅಕ್ಕಿ ಮೂಟೆಯ ಮೇಲೆ ಕೂರಿಸಿದಿರಿ. ನೀವೇ ಬಗ್ಗಿ ನನ್ನ ಎರಡೂ ಕಾಲಿಗೆ ಗೆಜ್ಜೆ ಕಟ್ಟಿದಿರಿ. "ಕುಣಿಲಿಕ್ಕೆ ಆಸೆ ಉಂಟಲ್ಲ? ಇವತ್ತು ಊಟಕ್ಕೆ ನೀನೇ ಬಡಿಸು. ನನ್ನ ಮರ್ಯಾದೆ ಹೇಗೂ ತೆಗ್ದಿದ್ದಿ, ಎಲ್ಲರೂ ನೋಡ್ಲಿ" ಎಂದಿರಿ.

ಭಾನುವಾರದ ಮೀನೂಟ. ಒಂದು ಮೇಜೂ ಖಾಲಿ ಇರಲಿಲ್ಲ. ನಾನು ಸಾರಿನ ಬಕೆಟ್ ಹಿಡಿದು ನಡೆದಲ್ಲೆಲ್ಲ ಗೆಜ್ಜೆ ಸದ್ದು ಮಾಡಿತು. ಸದ್ದಾಗದ ಹಾಗೆ ಪಾದ ಎಳೆದುಕೊಂಡು ನಡೆದರೆ ಇನ್ನೂ ಹೆಚ್ಚು ನಕ್ಕರು. "ಓ ಬಾಯಿ, ಇಕಡೆ ರಸ್ಸಾ" ಎಂದು ಹೆಂಗಸನ್ನು ಕರೆಯುವ ಹಾಗೆ ಸಾರಿಗೆ ಕರೆದರು. ಒಬ್ಬ ಹತ್ತರ ನೋಟನ್ನು ನನ್ನ ತಲೆಯ ಸುತ್ತ ನಿವಾಳಿಸಿ ನೆಲಕ್ಕೆ ಎಸೆದ. ನಾನು ನಿಮ್ಮನ್ನು ನೋಡಿದೆ. ನೀವು ಕೌಂಟರಿನಲ್ಲಿ ಕೂತು ಅವನ ಜೊತೆ ನಗುತ್ತಿದ್ದಿರಿ.

ಅದೇ ವರ್ಷ ಸಂಘದ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡಿದ ಕಲಾವಿದರಿಗೆ ನೀವು ಶಾಲು ಹೊದಿಸಿದ್ದಿರಿ. ಅವರ ಸೊಂಟದ ಬಳುಕನ್ನು ಮನೆಯಲ್ಲಿ ವಾರಗಟ್ಟಲೆ ಹೊಗಳಿದ್ದಿರಿ.

ನಾನು ಮನೆ ಬಿಟ್ಟ ಮೇಲೆ ಎಲ್ಲಿದ್ದೆ ಎಂದು ನೀವು ಕೇಳಲಿಲ್ಲ. ಭಿವಂಡಿಯ ಗೋದಾಮಿನಲ್ಲಿ ಬಟ್ಟೆಯ ಗಂಟುಗಳಿಗೆ ಚೀಟಿ ಅಂಟಿಸುತ್ತಿದ್ದೆ. ಕಲಬುರಗಿಯ ಮಾಪಣ್ಣ ಎಂಬ ಲೋಡರ್ ತನ್ನ ಹಾಸಿಗೆಯಲ್ಲಿ ಅರ್ಧ ಬಿಟ್ಟುಕೊಟ್ಟ. ರಜೆಯ ಮಧ್ಯಾಹ್ನ ಖಾಲಿ ಗೋದಾಮಿನ ಸಿಮೆಂಟ್ ನೆಲದ ಮೇಲೆ ನಾನು ಹೆಜ್ಜೆ ಹಾಕಿದರೆ ಅವನು ಬೀಡಿ ಸೇದುತ್ತ ನೋಡುತ್ತಿದ್ದ. ಒಮ್ಮೆಯೂ ನಗಲಿಲ್ಲ. ಆ ಸಿಮೆಂಟ್ ನೆಲದಲ್ಲೇ ನನ್ನ ಮೊಣಕಾಲು ಹಾಳಾದದ್ದು. ಈಗ ದಿನಾ ಬೆಳಿಗ್ಗೆ ಐಸ್ ಕಟ್ಟಿ ಎದ್ದು ನಿಲ್ಲುತ್ತೇನೆ, ಆಮೇಲೆ ಮಕ್ಕಳಿಗೆ ಕಲಿಸುತ್ತೇನೆ.

ಬರುತ್ತೇನೆ. ಸಂಭಾವನೆ ಬೇಡ. ಒಂದೇ ಶರತ್ತು. ಪರದೆ ತೆರೆದ ಮೇಲೆ, ಸಭೆ ತುಂಬಿರುವಾಗ, ನೀವು ವೇದಿಕೆಯ ನೆಲದ ಮೇಲೆ ಕೂತು ನಿಮ್ಮ ಕೈಯಾರೆ ನನ್ನ ಕಾಲಿಗೆ ಗೆಜ್ಜೆ ಕಟ್ಟಬೇಕು. ಕುರ್ಚಿ, ಸ್ಟೂಲು ಏನೂ ಇಲ್ಲ. ಮಂಡಿನೋವಿನಿಂದ ನಿಮಗೆ ನೆಲಕ್ಕೆ ಕೂರಲು ಆಗುವುದಿಲ್ಲ ಎಂದು ನನಗೆ ಗೊತ್ತಿದೆ. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಕೀರ್ತನ್


ನೌಪಾಡಾ
20 ಫೆಬ್ರುವರಿ 2025

ಮಗಾ,

ಇದನ್ನು ಮಧ್ಯಾಹ್ನ ಇವರು ಹೋಟೆಲಿನಲ್ಲಿರುವಾಗ ಬರೆಯುತ್ತಿದ್ದೇನೆ. ಫೋನಿನಲ್ಲಿ ಮಾತಾಡಿದರೆ ಇವರು ಪಕ್ಕದಲ್ಲೇ ಇರುತ್ತಾರೆ, ಅಥವಾ ನಿನ್ನ ಹಿಂದೆ ಮಕ್ಕಳ ತಾ ಥೈ ಥೈ ತತ್ ಕೇಳುತ್ತದೆ. ನೀನು ಆಮೇಲೆ ಮಾಡುತ್ತೇನೆ ಎಂದು ಇಡುತ್ತೀ.

ನಿನ್ನ ಕಾಗದ ಓದಿ ಇವರು ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಅಂಗಿ ಒಗೆಯಲು ಹಾಕಿದಾಗ ನಾನೂ ಓದಿದೆ. ಹೋಟೆಲಿನಲ್ಲಿ ನಡೆದದ್ದು ನನಗೆ ಗೊತ್ತಿತ್ತು. ನೋಟು ಎಸೆದದ್ದು ಗೊತ್ತಿರಲಿಲ್ಲ. ಅದನ್ನು ಓದುವಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿ ಚೆಲ್ಲಿತು.

ನಿನ್ನ ಕುಣಿತ ನೋಡಲು ಹೋದರೆ ಈ ಮನೆಗೆ ವಾಪಸು ಬರಬೇಡ ಎಂದು ಇವರು ಆವಾಗಲೇ ಹೇಳಿದ್ದರು. ಹಾಗಾಗಿ ಕಲ್ಯಾಣದ ಚಿಕ್ಕಮ್ಮನ ಮನೆಯಲ್ಲಿ ನಿನ್ನನ್ನು ನೋಡುತ್ತೇನೆ, ಉಣ್ಣುವುದನ್ನು ನೋಡುತ್ತೇನೆ, ಕುಣಿಯುವುದನ್ನು ಒಮ್ಮೆಯೂ ನೋಡಿಲ್ಲ. ಫೋನಿನಲ್ಲಿ ಚಿಕ್ಕಮ್ಮ ತೋರಿಸಿದ್ದಾಳೆ. ಅದರಲ್ಲಿ ನೀನು ಬೆರಳಿನಷ್ಟು ಇರುತ್ತೀ. ಮುಖ ಕಾಣುವುದಿಲ್ಲ. ಈಗ ಇವರೇ ಕರೆಯುತ್ತಿದ್ದಾರೆ. ಮೊದಲ ಸಾಲಿನಲ್ಲಿ ಕೂತು ನೋಡಬಹುದು, ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ.

ನಿನ್ನ ಅಪ್ಪನಿಗೆ ಶಿಕ್ಷೆ ಕೊಡಬೇಡ ಎಂದು ನಾನು ಹೇಳುವುದಿಲ್ಲ. ಹೇಳುವ ಬಾಯಿ ನನಗಿಲ್ಲ. ಕೊಡುವುದಾದರೆ ಬೇರೆ ದಿನ ಕೊಡು. ಆ ದಿನ ಕುಣಿ.

ನಿನ್ನ ಅಮ್ಮ


ನೌಪಾಡಾ, ಠಾಣೆ
9 ಮಾರ್ಚ್ 2025

ಕೀರ್ತನನಿಗೆ,

ನಿನ್ನ ಶರತ್ತಿಗೆ ಒಪ್ಪಿದ್ದೇನೆ. ಗೆಜ್ಜೆ ಕಟ್ಟುವುದು ಕೀಳು ಕೆಲಸ ಎಂದು ನೀನು ತಿಳಿದಿದ್ದರೆ ಅದು ನಿನ್ನ ತಿಳಿವಳಿಕೆ. ನಮ್ಮ ಊರಿನ ಮೇಳದಲ್ಲಿ ಗೆಜ್ಜೆಯನ್ನು ದೇವರ ಎದುರಿಟ್ಟು ಕಣ್ಣಿಗೊತ್ತಿಕೊಂಡು ಕಟ್ಟುತ್ತಾರೆ. ನನಗೆ ಅದರಲ್ಲಿ ನಾಚಿಕೆ ಇಲ್ಲ. ಕಮಿಟಿಗೆ ಹೇಳಿದೆ. ಬಹಳ ಒಳ್ಳೆಯ ಕಲ್ಪನೆ ಎಂದರು. ಪತ್ರಿಕೆಯಲ್ಲಿ 'ತಂದೆಯಿಂದ ಗೆಜ್ಜೆ ಪೂಜೆ' ಎಂದು ಹಾಕಿಸಿದ್ದೇವೆ. ಒಂದು ಪ್ರತಿ ಇದರ ಜೊತೆ ಉಂಟು.

ಹೋಟೆಲಿನ ಸಂಗತಿ ನೀನು ಬರೆದ ಹಾಗೆ ನನಗೆ ನೆನಪಿಲ್ಲ.

ಪೂವಪ್ಪ


ನೆರೂಳ್
17 ಮಾರ್ಚ್ 2025

ಅಪ್ಪ,

ಪತ್ರಿಕೆ ಸಿಕ್ಕಿತು. ಅದರಲ್ಲಿ ನನ್ನ ಹೆಸರಿಗಿಂತ ನಿಮ್ಮ ಹೆಸರು ದೊಡ್ಡದಾಗಿದೆ. ಇರಲಿ.

ತಬಲಾಕ್ಕೆ ಅನಿಲಕುಮಾರ ಬರುತ್ತಾರೆ, ಸಾರಂಗಿಯವರು ಕಲ್ಯಾಣದಿಂದ. ಅವರಿಬ್ಬರ ಊಟದ ವ್ಯವಸ್ಥೆ ನೋಡಿ. ತಾಳದ ಬೋಲ್ ಹೇಳಲು ನನ್ನ ಕೈಗೆ ಒಂದು ಮೈಕ್ ಬೇಕು. ವಯರಿಲ್ಲದ್ದು.

ನಿಮಗೆ ನೆನಪಿಲ್ಲ ಎಂದು ತಿಳಿದು ಒಳ್ಳೆಯದಾಯಿತು. ನನಗೆ ಇನ್ನು ಯಾವ ಅನುಮಾನವೂ ಉಳಿದಿಲ್ಲ.

ಕೀರ್ತನ್


ನೆರೂಳ್
28 ಏಪ್ರಿಲ್ 2025

ಅಮ್ಮ,

ನಿನ್ನೆ ನಿನ್ನೊಡನೆ ಮಾತಾಡದೆ ಬಂದೆ. ಹಿಂಬಾಗಿಲಲ್ಲಿ ರಿಕ್ಷಾ ನಿಲ್ಲಿಸಿದ್ದೆ. ನೀನು ಕೆಳಗೆ ಕೂತು ನೋಡಿದ್ದು ಬೇರೆ, ಮೇಲೆ ನಡೆದದ್ದು ಬೇರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನ ಮನಸ್ಸಿನಲ್ಲಿದ್ದದ್ದು ಗೆಜ್ಜೆ ಕಟ್ಟಿಸಿಕೊಂಡು ಕುಣಿಯುವುದೇ. ಅಪ್ಪ ನನ್ನ ಕಾಲ ಬುಡದಲ್ಲಿ ಕೂತರೆ ಸಾಕು ಅನಿಸಿತ್ತು. ಇಬ್ಬರು ಹುಡುಗರು ತೋಳು ಹಿಡಿದು ಅವರನ್ನು ನೆಲಕ್ಕೆ ಇಳಿಸಿದಾಗ ಅವರ ಮುಖ ನೋವಿಗೆ ಕಿವುಚಿತು. ಅದನ್ನು ನಾನು ಚೆನ್ನಾಗಿ ನೋಡಿಕೊಂಡೆ. ಅಷ್ಟರಲ್ಲಿ ಅವರು ಗೆಜ್ಜೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ನೀನೂ ಕೇಳಿದ್ದೀ. ಎಲ್ಲರ ಫೋನು ಮೇಲಕ್ಕೆ ಬಂತು. ನಿರೂಪಣೆ ಮಾಡುವ ಹುಡುಗಿ, ಇಂಥ ತಂದೆಯನ್ನು ಪಡೆದ ಮಗ ಪುಣ್ಯವಂತ ಎಂದಳು. ಯಾರೋ ಕಣ್ಣೊರೆಸಿಕೊಂಡರು. ನಾನು ಕೊಡಲು ಬಂದ ಶಿಕ್ಷೆ ನನ್ನ ಕಣ್ಣೆದುರೇ ಅವರಿಗೆ ಸನ್ಮಾನವಾಗಿ ಹೋಗುತ್ತಿತ್ತು.

ಅತಿಥಿಯಾಗಿ ಬಂದ ಶಾಸಕರು ಎದುರಿಗಿದ್ದರು. ಬಲಗಾಲಿನ ಗಂಟು ಹಾಕುವಾಗ ಅಪ್ಪ ತಲೆ ಎತ್ತದೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು, "ಆಮದಾರರು ಕೂತಿದ್ದಾರೆ ಮಗಾ, ನನ್ನ ಮರ್ಯಾದೆ ಉಳಿಸು."

ಅದೇ ಮರ್ಯಾದೆ. ಆ ಶಬ್ದ ಕಿವಿಗೆ ಬಿದ್ದ ಮೇಲೆ ನನಗೆ ಕುಣಿಯುವುದು ಬೇಡವಾಯಿತು. ಮೈಕಿನಲ್ಲಿ ನಾನು ಹೇಳಿದ್ದೆಲ್ಲ ನೀನು ಕೇಳಿದ್ದೀ. ಕನ್ನಡದಲ್ಲಿ ಹೇಳಿ ಮುಗಿಸಿ, ಆಮದಾರರಿಗೂ ತಿಳಿಯಲಿ ಎಂದು ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ. ಅಕ್ಕಿ ಮೂಟೆ, ಸಾರಿನ ಬಕೆಟ್, ನೆಲಕ್ಕೆ ಬಿದ್ದ ನೋಟು, ಅವರ ನಗು. ಮೇಲೆತ್ತಿದ ಫೋನುಗಳು ಕೆಳಗಿಳಿಯಲಿಲ್ಲ. ಅದೆಲ್ಲ ಅವುಗಳೊಳಗೆ ಹೋಯಿತು. "ಇವರು ಕಟ್ಟಿದ ಗೆಜ್ಜೆಯಲ್ಲಿ ನಾನು ಒಂದು ಹೆಜ್ಜೆಯನ್ನೂ ಹಾಕುವುದಿಲ್ಲ" ಎಂದು ಬಿಚ್ಚಿ ಅವರ ಎರಡೂ ಬದಿಗೆ ಇಟ್ಟೆ. ಅವರು ಏಳಲು ಕೈ ಚಾಚಿದರು. ನಾನು ಹಿಡಿಯಲಿಲ್ಲ.

ನಮ್ಮಲ್ಲಿ ತಿಹಾಯಿ ಎಂದು ಒಂದಿದೆ ಅಮ್ಮ. ಒಂದೇ ತುಣುಕನ್ನು ಮೂರು ಸಲ ಕುಣಿದು ಕೊನೆಯ ಹೆಜ್ಜೆಯನ್ನು ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ತಂದು ನಿಲ್ಲಿಸಬೇಕು. ಇಷ್ಟು ವರ್ಷ ಕುಣಿದ ಯಾವುದೂ ನಿನ್ನೆಯಷ್ಟು ಸರಿಯಾಗಿ ಬಿದ್ದಿರಲಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಬಂತು. ಅನಿಲಕುಮಾರ ಮಾತ್ರ ಬೆಳಿಗ್ಗೆ ಫೋನ್ ಮಾಡಿ, "ನಮಗ ಹೇಳಿದ್ರ ನಾವು ತಬಲಾ ಹೊರಾಕ ಬರ್ತಿದ್ದಿಲ್ಲಲ್ಲ" ಎಂದು ಬೈದರು. ಸರಿಹೋಗುತ್ತಾರೆ.

ನೀನು ಸಹ ಎಷ್ಟೋ ವರ್ಷ ನುಂಗಿಕೊಂಡಿದ್ದೀ. ಇದು ನಿನ್ನ ಪರವಾಗಿಯೂ ಎಂದು ತಿಳಿ.

ನಿನ್ನ
ಕೀರ್ತನ್


ನೌಪಾಡಾ, ಠಾಣೆ
11 ಮೇ 2025

ಕೀರ್ತನನಿಗೆ,

ನೀನು ಹೋದ ಮೇಲೆ ನನಗೆ ಏಳಲು ಆಗಲಿಲ್ಲ. ಯಾರು ಬರಬೇಕು, ಬರಬಾರದು ಎಂದು ಎಲ್ಲರೂ ನೋಡುತ್ತಾ ನಿಂತರು. ಕಡೆಗೆ ಅಡುಗೆಯ ವಸಂತಕುಮಾರ ಊಟದ ಹಾಲ್‌ನಿಂದ ಬಂದು ಕಂಕುಳಿಗೆ ಕೈ ಹಾಕಿ ಎತ್ತಿದ. ಅಧ್ಯಕ್ಷಗಿರಿ ಬಿಟ್ಟೆ. ವೀಡಿಯೊ ಎಲ್ಲರ ಹತ್ತಿರ ಉಂಟು. ಹೋಟೆಲಿಗೆ ಹೊಸ ಹೊಸ ಹುಡುಗರು ಬಂದು ಚಹಾ ಕುಡಿದು, ನನ್ನನ್ನು ನೋಡಿ, ನಗುತ್ತಾ ಹೋಗುತ್ತಾರೆ.

ನೀನು ಗೆದ್ದೆ. ಆದರೂ ಅಪ್ಪನಾಗಿ ಅವತ್ತು ನಾನು ಮಾಡಿದ್ದು ತಪ್ಪೆಂದು ನನ್ನ ಬಾಯಿಂದ ಬರುವುದಿಲ್ಲ. ಕಾಯಬೇಡ.

ಗೆಜ್ಜೆ ಇಲ್ಲಿ ಉಂಟು. ಬೇಕಾದರೆ ಯಾರನ್ನಾದರೂ ಕಳಿಸು, ನೀನು ಬರಬೇಡ. ನಿನ್ನ ಅಮ್ಮನಿಗೆ ಹೇಳು: ಬಿಪಿ ಮಾತ್ರೆ ಕಪಾಟಿನಲ್ಲೇ ಬಿಟ್ಟು ಬಂದಿದ್ದಾಳೆ. ನಿನ್ನ ಹತ್ತಿರವೇ ಇರುವುದಾದರೆ ಇರಲಿ, ಮಾತ್ರೆ ತೆಗೆಸಿಕೊಡು.

ಪೂವಪ್ಪ


ನೆರೂಳ್
20 ಜುಲೈ 2025

ಅಮ್ಮ,

ನೀನು ನನ್ನ ಹತ್ತಿರ ಇದ್ದೀ ಎಂದು ಅಪ್ಪ ತಿಳಿದಿದ್ದರು, ಅವರ ಕಾಗದ ಬರುವವರೆಗೆ ಅವರ ಹತ್ತಿರ ಇದ್ದೀ ಎಂದು ನಾನು ತಿಳಿದಿದ್ದೆ. ಚಿಕ್ಕಮ್ಮ ಮೊದಲು ಎರಡು ಸಲ ನನಗೂ ಸುಳ್ಳು ಹೇಳಿದಳು. ಕಲ್ಯಾಣಕ್ಕೆ ಬಂದಾಗ ನೀನು ಒಳಗೆ ಇದ್ದೆ, ಬಾಗಿಲಿನ ಹತ್ತಿರ ನಿನ್ನ ಚಪ್ಪಲಿ ನೋಡಿದೆ. "ಬಾಗಿ ಅಕ್ಕ ಮಲಗಿದ್ದಾಳೆ ಮಗಾ" ಎಂದು ಚಿಕ್ಕಮ್ಮ ಚಹಾ ಕೊಟ್ಟು ಕಳಿಸಿದಳು. ಬೆಳಿಗ್ಗೆ ಹನ್ನೊಂದು ಗಂಟೆಗೆ ನೀನು ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ನನ್ನ ಮೇಲೆ ಏನು ಸಿಟ್ಟು ಎಂದು ಹೇಳು. ನಾನು ಬಿಟ್ಟು ಬಂದದ್ದು ಅವರನ್ನು, ನಿನ್ನನ್ನಲ್ಲ.

ಆಗಸ್ಟ್ ಹದಿನೇಳು, ಭಾನುವಾರ, ವಾಶಿಯಲ್ಲಿ ನನ್ನ ಕಾರ್ಯಕ್ರಮ ಇದೆ. ಒಂದೂವರೆ ಗಂಟೆ ನಾನೊಬ್ಬನೇ. ಈ ಸಲ ಖಂಡಿತ ಕುಣಿಯುತ್ತೇನೆ. ಮೊದಲ ಸಾಲಿನ ಎರಡು ಪಾಸು ಇದರೊಳಗಿದೆ, ನಿನಗೂ ಚಿಕ್ಕಮ್ಮನಿಗೂ. ಕಲ್ಯಾಣಕ್ಕೆ ಗಾಡಿ ಕಳಿಸುತ್ತೇನೆ. ಅಪ್ಪ ಬಂದರೆ ಬಾಗಿಲಲ್ಲೇ ತಡೆಯಲು ಹೇಳಿದ್ದೇನೆ, ಆ ಚಿಂತೆ ಬೇಡ.

ಕಾಯುತ್ತೇನೆ.

ಕೀರ್ತನ್


ಕಲ್ಯಾಣ
6 ಆಗಸ್ಟ್ 2025

ಕೀರ್ತನ್,

ಪಾಸು ಸಿಕ್ಕಿತು. ಎರಡನ್ನೂ ಇದರ ಜೊತೆ ವಾಪಸು ಕಳಿಸಿದ್ದೇನೆ. ಬೇರೆ ಯಾರಿಗಾದರೂ ಉಪಯೋಗಕ್ಕೆ ಬರಲಿ.

ನಾನು ಮಲಗಿರಲಿಲ್ಲ. ಎದ್ದು ಕೂತು ನಿನ್ನ ಮಾತು ಕೇಳುತ್ತಿದ್ದೆ.

ಆ ದಿನ ನಾನು ಕಟ್ಟಡದ ನಾಲ್ಕು ಮನೆಗೆ ಹೇಳಿ ಬಂದಿದ್ದೆ, ಮಗ ಕುಣಿಯುತ್ತಾನೆ ಎಂದು. ಪರದೆ ತೆರೆದಾಗ ನೀನು ಬಿಳಿ ಅಂಗರಖಾ ಹಾಕಿ ನಿಂತಿದ್ದೆ. ಇಷ್ಟು ಎತ್ತರ ಯಾವಾಗ ಆದ ಎಂದು ಅನಿಸಿತು. ಇವರು ಗೆಜ್ಜೆ ಕಟ್ಟಿದರು, ನಾನು ಕಾದೆ. ನೀನು ಮೈಕು ತೆಗೆದುಕೊಂಡೆ, ನಾನು ಕಾದೆ. ಎಲ್ಲವನ್ನೂ ಹೇಳಿ ಮುಗಿಸಲಿ, ಹೇಳಬೇಕಾದ್ದೇ, ಆಮೇಲೆ ಕುಣಿಯುತ್ತಾನೆ ಎಂದುಕೊಂಡೆ. ನೀನು ಒಳಗೆ ಹೋದ ಮೇಲೂ, ಬೇರೆ ಗೆಜ್ಜೆ ತರಲು ಹೋಗಿರಬೇಕು ಎಂದು ಕೂತೇ ಇದ್ದೆ. ಜನ ಎಲ್ಲ ಎದ್ದು ಹೋದರು. ರಂಗಮಂದಿರದವನು ಬಂದು, "ಆಜಿ, ಸಂಪಲಾ ಕಾರ್ಯಕ್ರಮ್", ಮುಗಿಯಿತು ಎಂದು ಲೈಟು ಆರಿಸಿದ.

ನನ್ನ ಪರವಾಗಿಯೂ ಎಂದು ಬರೆದಿದ್ದೀ. ನಾನು ಕೇಳಿದ್ದು ಒಂದೇ ಆಗಿತ್ತು. ಅದನ್ನು ಕಾಗದದಲ್ಲಿ ಬರೆದಿದ್ದೆ. ನೀವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಿರಿ. ನಾನು ಮೊದಲ ಸಾಲಿನಲ್ಲಿದ್ದೆ, ಇಬ್ಬರಿಗೂ ಕಾಣಿಸಲಿಲ್ಲ. ಮರುದಿನ ಬೆಳಿಗ್ಗೆ ಇವರಿಗೆ ತಿಂಡಿ ಮಾಡಿ ಇಟ್ಟು, ನಾಲ್ಕು ಸೀರೆ ಚೀಲಕ್ಕೆ ಹಾಕಿಕೊಂಡು ಇಲ್ಲಿಗೆ ಬಂದೆ. ಇವರು ಮೊನ್ನೆ ಸುಜನನ ಹತ್ತಿರ ಮಾತ್ರೆ ಕಳಿಸಿದ್ದರು. ಮಾತ್ರೆ ಇಟ್ಟುಕೊಂಡೆ, ಉತ್ತರ ಕೊಡಲಿಲ್ಲ. ನೀನು ಇವರಿಗೆ ಕೊಟ್ಟ ಶಿಕ್ಷೆ ನಿನ್ನ ಲೆಕ್ಕ. ನನ್ನದು ನಾನು ಇಬ್ಬರಿಗೂ ಕೊಡುತ್ತಿದ್ದೇನೆ.

ಇಲ್ಲಿ ಚಾಳಿನ ಸಾಲುಮನೆಗಳ ಕೊನೆಯ ಕೋಣೆಯಲ್ಲಿ ವಿಜಯಪುರ ಕಡೆಯ ದಾನಮ್ಮ ಎಂಬವಳು ಇದ್ದಾಳೆ. ಅವಳ ಮಗಳು ದ್ರೌಪದಿಗೆ ಹನ್ನೆರಡು ವರ್ಷ. ಹತ್ತಿರದ ಶಾಲೆಯ ಹಾಲ್‌ನಲ್ಲಿ ಒಬ್ಬಾಕೆ ಹೇಳಿಕೊಡುವ ಕಥಕ್ ಕ್ಲಾಸಿಗೆ ಹೋಗುತ್ತಾಳೆ. ಗುರುಪೂರ್ಣಿಮೆಗೆ ಅವರದೊಂದು ಕಾರ್ಯಕ್ರಮ ಇತ್ತು. ದಾನಮ್ಮ ಬಂದು, "ಅಕ್ಕಾರ, ನೀವು ಬರಬೇಕ್ರಿ. ಅವರಪ್ಪಗ ಘೋಡಬಂದರ್ ರೋಡಿನಾಗ ಸ್ಲ್ಯಾಬ್ ಹಾಕೋ ಕೆಲಸ ಐತಿ, ಬಿಟ್ಟು ಬರಾಕ ಆಗಂಗಿಲ್ಲ. ನೋಡಾಕ ನಮ್ಮವರಂತ ಯಾರರ ಬೇಕಲ್ರಿ" ಎಂದಳು. ಹೋದೆ.

ಪ್ಲಾಸ್ಟಿಕ್ ಕುರ್ಚಿ, ಒಂದು ಟೇಬಲ್ ಫ್ಯಾನು. ಆ ಹುಡುಗಿ ನಡುವೆ ಬಂದು ನಿಂತಳು. ಮೊದಲು ಕಣ್ಣು, ಹುಬ್ಬು ಮಾತ್ರ ಆಡಿಸಿದಳು. ಆಮೇಲೆ ಕಾಲು ಶುರುವಾಯಿತು. ಸಣ್ಣದಾಗಿ, ತೊಗರಿಬೇಳೆ ಮೊರದಲ್ಲಿ ಆಡಿಸಿದ ಹಾಗೆ ಗೆಜ್ಜೆ ಕೇಳಿತು, ಬರಬರುತ್ತಾ ಜೋರಾಯಿತು. ಮತ್ತೆ ತಿರುಗಿದಳು. ತಿರುಗಿದ ಹಾಗೆಲ್ಲ ಲಂಗ ಅಗಲವಾಗಿ ಬಿಚ್ಚಿಕೊಂಡಿತು. ನಡುವೆ ಒಮ್ಮೆ ತಪ್ಪಿದಳು, ನಾಲಿಗೆ ಕಚ್ಚಿ ನಕ್ಕು ಮತ್ತೆ ತಾಳ ಹಿಡಿದಳು. ನಾನು ಮುಖ ನೋಡಲೋ ಕಾಲು ನೋಡಲೋ ಎಂದು ತಿಳಿಯದೆ ಕೂತಿದ್ದೆ. ಮುಗಿದ ಮೇಲೆ ಅವಳು ಬೆವರಿಕೊಂಡು ಬಂದು ನನ್ನ ಪಕ್ಕ ಕೂತು, "ಆಜಿ, ಕಸಂ ವಾಟಲಂ?", ಹೇಗನಿಸಿತು ಎಂದು ಕೇಳಿದಳು. ಸೆರಗಿನಿಂದ ಮುಖ ಒರೆಸಿದೆ. ಅವಳಿಗೆ ಈಗ ದಿನಾ ಸಂಜೆ ಕ್ಲಾಸಿಗೆ ಹೋಗುವ ಮೊದಲು ನಾನು ತಲೆ ಬಾಚುತ್ತೇನೆ.

ಕಥಕ್ ಎಂದರೆ ಏನು ಎಂದು ನನಗೆ ಗೊತ್ತಾಯಿತು. ಬಹಳ ಚಂದ ಉಂಟು. ನೀನು ಕುಣಿದರೆ ಹೇಗಿರುತ್ತದೋ ನನಗೆ ಗೊತ್ತಿಲ್ಲ.

ಬಾಗಿ